ಸುವಾರ್ತಮ್ಮನ ಬಿಸಿನೀರಿನ ಬೋಗುಣಿ

ನಾನು ಒಂದು ಬೋಗುಣಿ. ತಾಮ್ರದ್ದಲ್ಲ, ಹಿತ್ತಾಳೆಯದ್ದೂ ಅಲ್ಲ. ತಗಡಿನ ಮೈಗೆ ಬಿಳಿ ಎನಾಮಲ್ ಹಾಕಿ, ಅಂಚಿಗೆ ನೀಲಿ ಗೆರೆ ಎಳೆದ ಆಸ್ಪತ್ರೆಯ ಬೋಗುಣಿ. ಮುಂಬೈಯ ಯಾವುದೋ ಕಾರ್ಖಾನೆಯಲ್ಲಿ ನನ್ನನ್ನು ಅಚ್ಚಿನಲ್ಲಿ ಒತ್ತಿದರು, ಗಾಜಿನ ಪುಡಿ ಕಲಸಿದ ನೀರಿನಲ್ಲಿ ಅದ್ದಿದರು, ಆಮೇಲೆ ಉರಿಯುವ ಭಟ್ಟಿಗೆ ದೂಡಿದರು. ಹೊರಗೆ ಬಂದಾಗ ಥಳಥಳ ಹೊಳೆಯುತ್ತಿದ್ದೆ. ಆ ಹೊಳಪಿನ ಮೇಲೆ ನನಗೆ ಜಂಬವೂ ಇತ್ತು. ಅನ್ನ, ಸಾರು ಎಂದು ಒಲೆಯ ಮೇಲೆ ಬೇಯುವ ಪಾತ್ರೆಗಳನ್ನು ಕಂಡರೆ ಆಗ ಅಯ್ಯೋ ಪಾಪ ಅನ್ನಿಸುತ್ತಿತ್ತು.

ಒಣಹುಲ್ಲಿನ ನಡುವೆ ಕೂತು, ಗೂಡ್ಸ್ ರೈಲಿನಲ್ಲಿ ಕುಲುಕಾಡುತ್ತ, ಮಲಪ್ರಭೆಯ ದಂಡೆಯ ಒಂದು ಸಣ್ಣ ಊರಿಗೆ ಬಂದೆ. ಅಲ್ಲಿ ಒಂದು ಮಿಷನ್ ಆಸ್ಪತ್ರೆ, ಅದರ ಹಿಂದೆ ಕ್ರೈಸ್ತರ ದೇವಾಲಯ, ದೇವಾಲಯದ ಹಿಂದೆ ಕಲ್ಲಿನ ಗೋಡೆ ಕಟ್ಟಿದ ಸಮಾಧಿಭೂಮಿ. ನನ್ನ ಜೊತೆಗೆ ಅದೇ ಅಳತೆಯ ಇನ್ನೊಂದು ಬೋಗುಣಿಯೂ ಬಂದಿತ್ತು. ಹೆರಿಗೆ ಕೋಣೆಯಲ್ಲಿ ನಾವಿಬ್ಬರೂ ಜೋಡಿ. ನನಗೆ ಬಿಸಿನೀರು, ಅದಕ್ಕೆ ತಣ್ಣೀರು. ಆ ಕಾಲದಲ್ಲಿ ಉಸಿರಾಡದೆ ಹುಟ್ಟಿದ ಕೂಸನ್ನು ಒಮ್ಮೆ ಬಿಸಿಯಲ್ಲಿ, ಒಮ್ಮೆ ತಣ್ಣಗಿನದರಲ್ಲಿ ಅದ್ದಿ ತೆಗೆದು ಬೆನ್ನು ಉಜ್ಜುತ್ತಿದ್ದರು. ಬೆಚ್ಚಿಬಿದ್ದು ಕಿರುಚಿದರೆ ಕೂಸು ಬದುಕಿತು ಎಂದು ಲೆಕ್ಕ.

ಉಜ್ಜುವವಳು ಸುವಾರ್ತಮ್ಮ. ಆಸ್ಪತ್ರೆಯ ಸೂಲಗಿತ್ತಿ ನರ್ಸು, ಮಿಷನ್ನಿನ ಅನಾಥಾಲಯದಲ್ಲಿಯೇ ಬೆಳೆದವಳು. ನಾನು ಅವಳನ್ನು ಕಂಡದ್ದೆಲ್ಲ ಕೆಳಗಿನಿಂದ. ಮೊದಲು ಎರಡು ದೊಡ್ಡ ಕೈ, ಅದರಾಚೆ ಗದ್ದ, ಅದರಾಚೆ ಮುಖ. ನೀರಿನ ಬಿಸಿ ನೋಡಲು ಮೊಣಕೈ ಅದ್ದುತ್ತಿದ್ದಳು. ಕೂಸು ಅತ್ತ ಕೂಡಲೇ, "ಬಂದ್ಯಾ ನಮ್ಮಪ್ಪಾ, ಬಾ ಬಾ" ಎಂದು ನಗುತ್ತಿದ್ದಳು. ಆ ನಗು ಕೇಳಲಿಕ್ಕೆಂದೇ ನಾನು ಬಿಸಿ ಹಿಡಿದು ಕಾಯುತ್ತಿದ್ದೆ.

ಆ ಊರಿನ ಕ್ರೈಸ್ತ ಸಭೆಯಲ್ಲಿ ಒಂದು ಪದ್ಧತಿ ಇತ್ತು. ದೀಕ್ಷಾಸ್ನಾನ ಆದವರಿಗೆ ಗೋಡೆಯ ಒಳಗೆ ಮಣ್ಣು. ದೀಕ್ಷಾಸ್ನಾನ ಆಗದೆ ಸತ್ತ ಕೂಸಿಗೆ ಗೋಡೆಯ ಹೊರಗೆ, ಜಾಲಿಕಂಟಿಯ ಬದಿಯಲ್ಲಿ, ಹೆಸರಿಲ್ಲದ ಕುಣಿ. ಇದು ಪಾದ್ರಿ ಅಯ್ಯನವರ ಪುಸ್ತಕದಲ್ಲಿ ಇರಲಿಲ್ಲವಂತೆ, ಹಿರಿಯರ ಬಾಯಲ್ಲಿತ್ತು. ಬಾಯಲ್ಲಿದ್ದದ್ದೇ ಗಟ್ಟಿ. ಹಾಗಾಗಿ ನರ್ಸುಗಳಿಗೆ ಮೊದಲೇ ಕಲಿಸಿರುತ್ತಿದ್ದರು: ಕೂಸು ಉಳಿಯುವುದಿಲ್ಲ ಅನ್ನಿಸಿದರೆ ಅಯ್ಯನವರಿಗಾಗಿ ಕಾಯಬೇಡಿ, ಹತ್ತಿರ ಇದ್ದವರೇ ತಲೆಗೆ ಮೂರು ಸಲ ನೀರು ಹಾಕಿ, ತಂದೆ ಮಗ ಪವಿತ್ರಾತ್ಮನ ಹೆಸರು ಹೇಳಿ, ಕೂಸಿಗೊಂದು ಹೆಸರಿಡಿ. ಹೆಚ್ಚೆಂದರೆ ಅರ್ಧ ನಿಮಿಷದ ಕೆಲಸ.

ಆ ಅರ್ಧ ನಿಮಿಷವೇ ಸುವಾರ್ತಮ್ಮನನ್ನು ತಿಂದದ್ದು.

ಒಂದು ಮಧ್ಯಾಹ್ನ ಮಿಷನ್ ಶಾಲೆಯ ಮಾಸ್ತರರ ಹೆಂಡತಿ ಎಸ್ತೇರವ್ವ ಹೆರಿಗೆಗೆ ಬಂದಳು. ಚೊಚ್ಚಲು. ಡಾಕ್ಟರು ಹಳ್ಳಿಯ ಕಡೆ ಹೋಗಿದ್ದರು. ಗಂಡುಕೂಸು ಹೊರಬಂದಾಗ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಸುವಾರ್ತಮ್ಮ ಅದನ್ನು ನನ್ನೊಳಗೆ ಅದ್ದಿದಳು, ಎತ್ತಿದಳು, ತಣ್ಣೀರಿಗೆ ಹಾಕಿದಳು, ಬೆನ್ನು ಉಜ್ಜಿದಳು, ಮತ್ತೆ ನನ್ನೊಳಗೆ ತಂದಳು. ಬಾಗಿಲಲ್ಲಿ ನಿಂತಿದ್ದ ಅತ್ತೆ ಕೂಗಿದಳು: "ಸುವಾರ್ತಾ, ಅದು ಉಳಿಯೂದಿಲ್ಲವ್ವಾ! ನೀರು ಹಾಕಿ ಹೆಸರು ಹೇಳು! ನನ್ನ ಮೊಮ್ಮಗನ್ನ ಗ್ವಾಡಿ ಹೊರಗ ಹಾಕ್ಸಬ್ಯಾಡ!"

ಸುವಾರ್ತಮ್ಮನ ಕೈ ನಿಲ್ಲಲಿಲ್ಲ. ನಿಲ್ಲಿಸಿ ನೀರು ಹಾಕಿದರೆ ಕೂಸು ಸಾಯುತ್ತದೆಂದು ತಾನೇ ಒಪ್ಪಿಕೊಂಡಂತೆ ಆಗುತ್ತದೆ ಎಂಬ ಹಟ ಅವಳಿಗೆ. ಎರಡು ಸಲ ಕೂಸಿನ ಎದೆ ಬಿಕ್ಕಿತು. ಅವಳ ಮುಖ ಅರಳಿತು. "ಬಾ ಬಾ" ಅಂದಳು. ಮೂರನೆಯ ಸಲ ಬಿಕ್ಕಲಿಲ್ಲ. ನನ್ನೊಳಗಿನ ನೀರು ಆರುವ ತನಕ ಅವಳು ಉಜ್ಜುತ್ತಲೇ ಇದ್ದಳು.

ಮಂಚದ ಮೇಲಿಂದ ಎಸ್ತೇರವ್ವ ಕೇಳಿದಳು: "ಅಕ್ಕಾ, ದೀಕ್ಷಾಸ್ನಾನ ಆತೇನು?"

"ಆತವ್ವ" ಅಂದಳು ಸುವಾರ್ತಮ್ಮ.

"ಏನಂತ ಹೆಸರಿಟ್ಟಿ?"

ಸುವಾರ್ತಮ್ಮ ನನ್ನೊಳಗೆ ನೋಡಿದಳು. ಕೂಸು ಇನ್ನೂ ನನ್ನೊಳಗೇ ಇತ್ತು. "ಸಮಾಧಾನ" ಅಂದಳು.

ಎಸ್ತೇರವ್ವ ಕಣ್ಣು ಮುಚ್ಚಿ, "ಚಲೋ ಹೆಸರು" ಅಂದಳು. ಬಾಗಿಲಿನಿಂದ ಸುವಾರ್ತಮ್ಮನ ಬೆನ್ನನ್ನಷ್ಟೇ ಕಂಡಿದ್ದ ಅತ್ತೆ ಕರ್ತನಿಗೆ ಸ್ತೋತ್ರ ಹೇಳಿದಳು. ನೀರು ಮುಟ್ಟಿದ್ದೂ ನನಗೆ ಗೊತ್ತು, ದೀಕ್ಷಾಸ್ನಾನದ ಮಾತು ಅವಳ ಬಾಯಿಂದ ಬಾರದಿದ್ದದ್ದೂ ನನಗೆ ಗೊತ್ತು. ಆದರೆ ಬೋಗುಣಿಯನ್ನು ಯಾರು ಸಾಕ್ಷಿ ಕೇಳುತ್ತಾರೆ? ಸಮಾಧಾನನನ್ನು ಗೋಡೆಯ ಒಳಗೇ ಇಟ್ಟರು, ಸಣ್ಣ ಕಲ್ಲಿನ ಮೇಲೆ ಹೆಸರು ಕೊರೆಸಿದರು.

ಆಮೇಲೆ ಶುರುವಾಯಿತು. ನನ್ನೊಳಗೆ ಬಿಸಿನೀರು ಹಾಕಿ, ಅದು ಅಲುಗದೆ ನಿಂತರೆ ಸಾಕು, ಸುವಾರ್ತಮ್ಮ ಬೆಚ್ಚುತ್ತಿದ್ದಳು. ಅವಳಿಗೆ ನೀರಿನೊಳಗೆ ಆ ಕೂಸು ಕಾಣುತ್ತಿತ್ತು. ಕಣ್ಣು ಮುಚ್ಚಿದ್ದ, ಬಾಯಿ ತೆರೆದಿದ್ದ ಕೂಸು. ತಟ್ಟನೆ ಕೈ ಹಾಕಿ ನೀರು ಕಲಕಿಬಿಡುತ್ತಿದ್ದಳು. ಬೇರೆ ನರ್ಸುಗಳು ಇದನ್ನು ಅವಳ ಚಾಳಿ ಎಂದುಕೊಂಡರು. ನನಗೆ ಹಾಗೆ ಅಂದುಕೊಳ್ಳಲು ಆಗುತ್ತಿರಲಿಲ್ಲ. ಕಪಾಟಿನಲ್ಲಿ ಬರಿದಾಗಿ ಕೂತಾಗಲೂ ನನ್ನ ತಳದಲ್ಲಿ ಒಂದು ಕೂಸಿನ ಭಾರ ಇರುತ್ತಿತ್ತು. ನಾಲ್ಕೂವರೆ ಪೌಂಡು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಹೇಳಿಕೊಳ್ಳೋಣವೆಂದರೆ ತಣ್ಣೀರಿನ ಬೋಗುಣಿಯೂ ಅಷ್ಟು ಹೊತ್ತಿಗೆ ಎನಾಮಲ್ ಎದ್ದು ಗುಜರಿಗೆ ಹೋಗಿತ್ತು.

ಅಂದಿನಿಂದ ಸುವಾರ್ತಮ್ಮ ಕೂತದ್ದನ್ನು ನಾನು ನೋಡಲಿಲ್ಲ. ಕಾಲರಾ ಬಂದ ವರ್ಷ ಎಲ್ಲರೂ ಮೂಗು ಮುಚ್ಚಿಕೊಂಡ ಮನೆಗಳಿಗೆ ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದಳು. ಕುಷ್ಠರೋಗಿಗಳ ಹುಣ್ಣಿನ ಕಾಲನ್ನು ನನ್ನೊಳಗೆ ಇರಿಸಿ ತೊಳೆದಳು. ಯಾವ ಜಾತಿ, ಯಾವ ಕೇರಿ ಎಂದು ಕೇಳದೆ ಹೆರಿಗೆ ಮಾಡಿಸಿದಳು, ಯಾರೂ ಮುಟ್ಟದ ಹೆಣಗಳಿಗೆ ಸ್ನಾನ ಮಾಡಿಸಿದಳು. ಮದುವೆಯ ಮಾತು ಬಂದರೆ ಎದ್ದು ಹೋಗುತ್ತಿದ್ದಳು. "ಸುವಾರ್ತಕ್ಕಗ ಸ್ವರ್ಗದಾಗ ಕುರ್ಚಿ ಹಾಕಿ ಇಟ್ಟಾರ ಬಿಡ್ರಿ" ಎಂದು ಸಭೆಯ ಹೆಂಗಸರು ಚೇಷ್ಟೆ ಮಾಡುತ್ತಿದ್ದರು. ಅವಳು ನಗುತ್ತಿರಲಿಲ್ಲ. ಕೆಲಸದಿಂದ ಆ ಒಂದು ಸುಳ್ಳನ್ನು ತೊಳೆಯಬಹುದೇ ಎಂದು ಅವಳು ನೋಡುತ್ತಿದ್ದಳು. ಎಷ್ಟು ತೊಳೆದರೂ ಅದು ಹೋಗುತ್ತಿರಲಿಲ್ಲ.

ದೇವಾಲಯದಲ್ಲಿ ಪವಿತ್ರ ಭೋಜನ ಕೊಡುವ ಭಾನುವಾರ ಅವಳು ಹಿಂದಿನ ಬೆಂಚಿನಲ್ಲಿ ಕೂತು, ರೊಟ್ಟಿ ದ್ರಾಕ್ಷಾರಸ ಮುಟ್ಟದೆ ಎದ್ದು ಬರುತ್ತಿದ್ದಳಂತೆ. ಒಂದು ದಿನ ಹೊಸ ಅಯ್ಯನವರು, ಜ್ಞಾನಶೀಲ ಎಂಬ ತೆಳ್ಳಗಿನ ತರುಣರು, ಆಸ್ಪತ್ರೆಗೇ ಬಂದು ಕೇಳಿದರು. ಅವಳು ಆಗ ನನ್ನನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದಳು.

"ಅಕ್ಕಾ, ನೀವು ಮಾಡೂ ಸೇವಾ ಊರಿಗೇ ಗೊತ್ತೈತ್ರಿ. ಆದ್ರ ಮಾಡಿದ ಕೆಲಸದಿಂದ ಯಾರಿಗೂ ರಕ್ಷಣೆ ಸಿಗೂದಿಲ್ಲ. ಅದು ದೇವರು ಪುಕ್ಕಟೆ ಕೊಡೂದು. ನಂಬಿದ್ರ ಸಾಕು."

"ನಂಬಿಕಿ ನಂಗ ಐತ್ರಿ ಅಯ್ಯನವರ" ಅಂದಳು ಸುವಾರ್ತಮ್ಮ, ತಿಕ್ಕುವುದನ್ನು ನಿಲ್ಲಿಸದೆ. "ಇರೂದಕ್ಕೇ ಅಂಜಿಕಿ. ದೇವರಿಲ್ಲ ಅನ್ನೂದಿದ್ರ ನಾನ್ಯಾಕ ಅಂಜ್ತಿದ್ದೆ?"

ಅಯ್ಯನವರು ಅವಳ ಎದುರಿಗೇ ಮೊಣಕಾಲೂರಿದರು. ಒಳ್ಳೆಯ ಮನುಷ್ಯ. ಪ್ರಾರ್ಥನೆ ಮಾಡಿ ಹೋದರು.

ಇದೆಲ್ಲಕ್ಕಿಂತ ಅವಳನ್ನು ಹಿಂಡುತ್ತಿದ್ದದ್ದು ಎಸ್ತೇರವ್ವನ ಉಪಕಾರ ಸ್ಮರಣೆ. ಎಸ್ತೇರವ್ವನಿಗೆ ಆಮೇಲೆ ಇಬ್ಬರು ಹೆಣ್ಣುಮಕ್ಕಳಾದರು. ಆದರೂ ಪ್ರತಿ ಕ್ರಿಸ್‌ಮಸ್ಸಿಗೆ ಒಂದು ಡಬ್ಬಿ ಕರ್ಚಿಕಾಯಿ ತಂದು, "ನನ್ನ ಮಗನ್ನ ಸ್ವರ್ಗಕ್ಕ ಕಳಿಸಿದಾಕಿ ನೀನು. ಆ ಗ್ವಾಡಿ ಒಳಗ ಅವನ ಕಲ್ಲು ನೋಡಿದಾಗೆಲ್ಲ ನಿನ್ನ ನೆನಸ್ತೀನಿ" ಅನ್ನುತ್ತಿದ್ದಳು. ಅವಳ ನಂಬಿಕೆಗೆ ಒಂದು ಬಿರುಕೂ ಇರಲಿಲ್ಲ. ಸತ್ತ ಮೇಲೆ ಮಗ ಬಾಗಿಲಿಗೆ ಬಂದು ಕೈ ಹಿಡಿಯುತ್ತಾನೆ ಎಂದು, ನಾಳೆ ಬಸ್ಸು ಬರುತ್ತದೆ ಅನ್ನುವಷ್ಟು ಸಲೀಸಾಗಿ ಹೇಳುತ್ತಿದ್ದಳು. ಅವಳು ಹೋದ ಮೇಲೆ ಸುವಾರ್ತಮ್ಮ ಕರ್ಚಿಕಾಯಿಯನ್ನೆಲ್ಲ ರೋಗಿಗಳಿಗೆ ಹಂಚುತ್ತಿದ್ದಳು. ತಾನು ಒಂದನ್ನೂ ಬಾಯಿಗೆ ಹಾಕಿದವಳಲ್ಲ.

ವರ್ಷಗಳು ಹೋದವು. ಆಸ್ಪತ್ರೆಗೆ ಸ್ಟೀಲಿನ ಪಾತ್ರೆಗಳು ಬಂದವು, ನನ್ನ ಅಂಚಿನ ನೀಲಿ ಉದುರಿತು. ಸುವಾರ್ತಮ್ಮ ನಿವೃತ್ತಳಾದ ದಿನ ಕೇಳಿಕೊಂಡು ಮನೆಗೆ ತಂದ ಒಂದೇ ವಸ್ತು ನಾನು. ಮೂಲೆಗೆ ಎಸೆಯಬೇಕಾದದ್ದನ್ನು ಇವಳು ಯಾಕೆ ಹೊತ್ತು ತಂದಳು ಎಂದು ಅಕ್ಕಪಕ್ಕದವರಿಗೆ ಆಶ್ಚರ್ಯ. ನನಗೆ ಇರಲಿಲ್ಲ. ನನ್ನೊಳಗಿದ್ದದ್ದನ್ನು ಬೇರೆಯವರ ಕೈಗೆ ಕೊಡಲು ಅವಳಿಗೆ ಧೈರ್ಯ ಬರಲಿಲ್ಲ.

ಎಪ್ಪತ್ತು ದಾಟಿದ ಮೇಲೆ ಅವಳ ಕಾಲು ಬಾತುಕೊಂಡಿತು. ಹೃದಯದ ಕಾಯಿಲೆ, ಇನ್ನು ಹೆಚ್ಚು ದಿನ ಇಲ್ಲ ಎಂದರು ಡಾಕ್ಟರು. ಸುದ್ದಿ ತಿಳಿದ ಎಸ್ತೇರವ್ವ, ಅಷ್ಟು ಹೊತ್ತಿಗೆ ಅವಳೂ ಮುದುಕಿಯೇ, ಗಂಟುಮೂಟೆ ಕಟ್ಟಿಕೊಂಡು ಆರೈಕೆಗೆ ಬಂದುಬಿಟ್ಟಳು. ಗಂಜಿ ಕುಡಿಸಿದಳು, ಸೀರೆ ಒಗೆದಳು. ಒಂದು ಮಧ್ಯಾಹ್ನ ನನ್ನೊಳಗೆ ಬಿಸಿನೀರು ತುಂಬಿಕೊಂಡು ಬಂದು ಅವಳ ಕಾಲ ಬುಡದಲ್ಲಿ ಕೂತಳು.

"ಬ್ಯಾಡ ಎಸ್ತೇರಾ. ನನ್ನ ಕಾಲು ಯಾರೂ ತೊಳಿಯೂದು ಬ್ಯಾಡ."

"ಊರ ಮಂದಿ ಕಾಲು ತೊಳದಾಕಿ ನೀನು. ಈಗ ಸುಮ್ನ ಕುಂದ್ರು."

ಕಸಿದುಕೊಂಡಂತೆ ಒಂದು ಕಾಲನ್ನು ಹಿಡಿದು ನನ್ನೊಳಗೆ ಇಟ್ಟಳು. ಬೆರಳ ಸಂದಿ, ಹಿಮ್ಮಡಿ, ಎಲ್ಲ ನಿಧಾನವಾಗಿ ತೊಳೆದಳು. ಒರೆಸಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು. ನನ್ನೊಳಗಿನ ನೀರು ನಿಂತಿತು. ಸುವಾರ್ತಮ್ಮ ಬಗ್ಗಿ ನೋಡಿದಳು. ಕಲಕೋಣವೆಂದು ಕೈ ಚಾಚಿದಳು, ಕೈ ನೀರಿನ ತನಕ ಬರಲಿಲ್ಲ. ನಲವತ್ತು ವರ್ಷದಲ್ಲಿ ಮೊದಲ ಸಲ ಅವಳು ನಿಂತ ನೀರನ್ನು ಪೂರ್ತಿಯಾಗಿ ನೋಡಬೇಕಾಯಿತು.

"ಎಸ್ತೇರಾ, ನಾ ನೀರು ಹಾಕಲಿಲ್ಲವ್ವಾ. ನಿನ್ನ ಕೂಸಿಗೆ ದೀಕ್ಷಾಸ್ನಾನ ಆಗಲಿಲ್ಲ. ಹೆಸರು ನಾ ಆಮ್ಯಾಲ ಹುಟ್ಟಿಸಿದ್ದು. ಸುಳ್ಳು ಹೇಳಿದೆ."

ಎಸ್ತೇರವ್ವ ಒರೆಸಿದ ಬಟ್ಟೆಯನ್ನು ಮಡಚಿಟ್ಟಳು. "ಮತ್ತ ಅಷ್ಟೊತ್ತು ಏನು ಮಾಡಾಕತ್ತಿದ್ದಿ?" ಅಂದಳು.

"ಉಜ್ಜಾಕತ್ತಿದ್ದೆ. ಬದುಕ್ತಾನ ಅಂತ ತಿಳಿದೆ."

ಎಸ್ತೇರವ್ವ ಮಡಿಲಲ್ಲಿದ್ದ ಕಾಲನ್ನು ಕೆಳಗಿಟ್ಟಳು. ನನ್ನನ್ನು ಎತ್ತಿಕೊಂಡು ಎದ್ದಳು. ಅರ್ಧ ನೀರು ದಾರಿಯಲ್ಲೇ ಚೆಲ್ಲಿತು. ಹಿತ್ತಲಿಗೆ ಹೋಗಿ ಉಳಿದದ್ದನ್ನು ಸುರಿದು, ನನ್ನನ್ನು ಕಲ್ಲಿನ ಮೇಲೆ ಕುಕ್ಕಿದಳು. ಆ ಏಟಿಗೆ ನನ್ನ ತಳದ ಎನಾಮಲ್ ಸಿಡಿಯಿತು. "ಸಮಾಧಾನಾ" ಎಂದು ಒಮ್ಮೆ ಕರೆದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅವಳು ಹಿತ್ತಲ ಬಾಗಿಲಿನಿಂದಲೇ ಮನೆಗೆ ಹೋಗಿಬಿಡುತ್ತಾಳೆ ಎಂದು ನಾನು ತಿಳಿದೆ. ಒಳಗೆ ಒಬ್ಬಳು ಒಂದು ಕಾಲು ತೊಳೆಸಿಕೊಂಡು ಕೂತಿದ್ದಳು. ತನ್ನ ತೀರ್ಪು ಆ ಹೊತ್ತಿಗೆ ಹಿತ್ತಲಲ್ಲಿ ಆಗುತ್ತಿದೆ ಎಂದು ಅವಳಿಗೆ ಗೊತ್ತಿತ್ತು.

ಎಸ್ತೇರವ್ವ ಮೂಗು ಒರೆಸಿಕೊಂಡು ಒಲೆಯ ಹತ್ತಿರ ಹೋದಳು. ಹಂಡೆಯಿಂದ ಬಿಸಿನೀರು ತೋಡಿ ನನ್ನೊಳಗೆ ಹಾಕಿದಳು, ಮೊಣಕೈ ಅದ್ದಿ ನೋಡಿದಳು, ಒಳಗೆ ಬಂದು ಮತ್ತೆ ಕೂತಳು.

"ಮಾಫಿ ಅನ್ನೂ ಮಾತು ನನ್ನ ಬಾಯಾಗ ಬರೂದಿಲ್ಲ ಸುವಾರ್ತಾ. ಕೇಳಬ್ಯಾಡ" ಅಂದಳು. "ಆ ಇನ್ನೊಂದು ಕಾಲು ಕೊಡು."

ಸುವಾರ್ತಮ್ಮ ಕೊಟ್ಟಳು. ಅಳುತ್ತ ಕೊಟ್ಟಳು.

ನಾಲ್ಕನೆಯ ದಿನ ಅವಳು ತೀರಿಕೊಂಡಳು. ಎಸ್ತೇರವ್ವನೇ ನನ್ನಿಂದ ನೀರು ಮೊಗೆದು ಅವಳಿಗೆ ಕಡೆಯ ಸ್ನಾನ ಮಾಡಿಸಿದಳು, ಆಮೇಲೆ ನನ್ನನ್ನು ತನ್ನ ಮನೆಗೆ ತಂದಳು. ಗೋಡೆಯ ಒಳಗಿನ ಆ ಸಣ್ಣ ಕಲ್ಲಿನ ಗುಟ್ಟನ್ನು ಅವಳು ಹಿರಿಯರಿಗೂ ಹೇಳಲಿಲ್ಲ, ಅಯ್ಯನವರಿಗೂ ಹೇಳಲಿಲ್ಲ. ಆ ಸುಳ್ಳು ಈಗ ಅವಳದ್ದು.

ಈಗ ನಾನು ಅವಳ ಪಡಸಾಲೆಯ ಮೂಲೆಯಲ್ಲಿದ್ದೇನೆ. ತಳ ತುಕ್ಕು ಹಿಡಿದು ತೂತಾಗಿದೆ. ನನ್ನಲ್ಲಿ ನೀರು ನಿಲ್ಲುವುದಿಲ್ಲ. ಪಕ್ಕದ ದೇವಾಲಯದಿಂದ ಭಾನುವಾರದ ಪ್ರಸಂಗ ಕೇಳುತ್ತದೆ. ನಂಬಿಕೆಯಿಂದಲೇ ರಕ್ಷಣೆ ಎಂದು ಒಬ್ಬರು, ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಎಂದು ಮುಂದಿನ ವಾರ ಇನ್ನೊಬ್ಬರು. ಇಬ್ಬರದ್ದೂ ಸರಿ ಇರಬಹುದು. ನಾನು ಕಂಡದ್ದು ಇಷ್ಟೇ: ಕ್ಷಮೆ ಸಿಕ್ಕೀತೆಂದು ನಂಬಲಾರದೆ ಒಬ್ಬಳು ಜೀವಮಾನವಿಡೀ ತೊಳೆದಳು. ಕ್ಷಮಿಸಲಾರದ ಇನ್ನೊಬ್ಬಳು ಅವಳ ಕಾಲು ತೊಳೆದಳು. ಮೇಲೆ ಕೂತವನು ಇದನ್ನು ಏನೆಂದು ಕರೆಯುತ್ತಾನೋ ನನಗೆ ತಿಳಿಯದು.

ಮೊನ್ನೆ ಭಾನುವಾರ ದೇವಾಲಯದಿಂದ ಬಂದ ಎಸ್ತೇರವ್ವ ಸೀರೆಯನ್ನೂ ಬದಲಿಸದೆ ನನ್ನ ಹತ್ತಿರ ಕೂತಳು. ಸತ್ತ ಮೇಲೆ ಮಗ ಬಾಗಿಲಿಗೆ ಬರುತ್ತಾನೋ, ಆ ಬಸ್ಸು ಬರುತ್ತದೋ ಇಲ್ಲವೋ ಎಂದು ಈಗ ಅವಳಿಗೂ ಅನುಮಾನ. ನನ್ನೊಳಗೆ ಕೈ ಇಟ್ಟು, ಮನುಷ್ಯರನ್ನು ಕೇಳುವಂತೆ ಕೇಳಿದಳು:

"ನೀ ಅಲ್ಲೇ ಇದ್ದಿ ಅಲ್ಲಾ. ನನ್ನ ಕೂಸು ಒಬ್ಬನೇ ಹೋದನೇನು? ಹೇಳು."

ಇಲ್ಲ ಎಸ್ತೇರವ್ವ. ಒಬ್ಬನೇ ಹೋಗಲಿಲ್ಲ. ನೀರು ಬೆಚ್ಚಗಿತ್ತು, ಎರಡು ಕೈಗಳು ಅವನನ್ನು ಹಿಡಿದಿದ್ದವು, ಬಾ ಬಾ ಎಂದು ಒಂದು ದನಿ ಕರೆಯುತ್ತಲೇ ಇತ್ತು. ಇದನ್ನು ಹೇಳಲು ನನಗೆ ಬಾಯಿಲ್ಲ. ಅವಳು ಉತ್ತರಕ್ಕೆ ಕಾಯುತ್ತ ಇನ್ನೂ ಕೂತಿದ್ದಾಳೆ.