ತೊಳೆದ ಕ್ಯಾಮೆರಾ

“ಇದ್ರೊಳಗೆ ಕಣ್ಣಿಟ್ಟು ನೋಡಿದ್ದು ಯಾರ ಮಗಳ್ಲಾ? ಬೊಗಳ್ಲಾ ಬೋಳಿಮಗನೆ!”

ತಿಮ್ಮರಾಯಪ್ಪ ಗೌಡರು ಕ್ಯಾಮೆರಾದ ಪಟ್ಟಿಯನ್ನು ಬೆರಳ ತುದಿಯಲ್ಲಿ ಹಿಡಿದು ಜಗಲಿಯ ಮೇಲೆ ನಿಂತಿದ್ದರು. ನಾನು ಕೆಳಗೆ, ಅವರ ಹೊಸ ಮನೆಯ ಕಾಂಪೌಂಡಿಗೆ ಕಲ್ಲು ಒಡೆಯುತ್ತಿದ್ದೆ. ಅವರ ಹೊಲಗಳೆಲ್ಲ ಜಯನಗರದ ಸೈಟುಗಳಾಗಿದ್ದವು. ಗೌಡಿಕೆ ಮಾತ್ರ ಹಾಗೇ ಇತ್ತು.

“ನನ್ ಮಗಳು ಮುನಿತಾಯಿ, ಬುದ್ದಿ. ನೆನ್ನೆ ಅವಳ ಪಾಳಿ, ಇವತ್ತು ಚಿಕ್ ಗೌಡ್ರದ್ದು. ಫೋಟೊ ಸಾರೇ ಹಂಗಂದವ್ರೆ.”

“ಹೊಲೇರ ಹುಡುಗಿ ಕಣ್ಣಿಟ್ಟಿದ್ದಕ್ಕೆ ನನ್ ಮಗ ಕಣ್ಣಿಡ್ಬೇಕೇನ್ಲಾ?”

ಫೋಟೊ ಸಾರು ಅಂದರೆ ಬಸವನಗುಡಿಯ ಬದರಿನಾಥರು. ಶನಿವಾರ ಶನಿವಾರ ನಮ್ಮ ಕಾರ್ಪೊರೇಷನ್ ಶಾಲೆಗೆ ಬಂದು, ಮಕ್ಕಳಿಗೆ ಫೋಟೊ ತೆಗೆಯುವುದನ್ನೂ ಅದರ ಕಥೆ ಹೇಳುವುದನ್ನೂ ಕಲಿಸುತ್ತಿದ್ದರು. ಇದ್ದದ್ದು ಒಂದೇ ಡಬ್ಬಿ ಕ್ಯಾಮೆರಾ. ಅದು ದಿನಕ್ಕೊಂದು ಮಗುವಿನ ಮನೆಗೆ ಹೋಗುತ್ತಿತ್ತು. ಮಗುವಿಗೆ ಒಂದೇ ಫೋಟೊ. ಶಾಲೆಯ ಹಬ್ಬದ ದಿನ ಅದನ್ನು ಗೋಡೆಗೆ ಹಚ್ಚಿ, ಪಕ್ಕದಲ್ಲಿ ನಿಂತು ಕಥೆ ಹೇಳಬೇಕು.

ಮುನಿತಾಯಿ ನನ್ನ ಮುಖ ತೆಗೆಯುತ್ತೇನೆ ಅಂದಾಗ ಗದರಿದ್ದೆ. “ನಾನೇನ್ ಸತ್ತೋದ್ನಾ?” ನಮ್ಮ ಕೇರಿಯಲ್ಲಿ ಫೋಟೊ ಹೆಣಕ್ಕೆ. ಕುರ್ಚಿಯಲ್ಲಿ ಕೂರಿಸಿ, ಗದ್ದಕ್ಕೆ ಬಟ್ಟೆ ಕಟ್ಟಿ ತೆಗೆಸುವುದು. ಕಲ್ಲುಕ್ವಾರಿಯಲ್ಲಿ ಬಂಡೆ ಉರುಳಿ ಸತ್ತ ನನ್ನ ಹೆಂಡತಿಗೆ ಅದೂ ಇಲ್ಲ. ತೆಗೆಸಲು ಮುಖವೇ ಉಳಿದಿರಲಿಲ್ಲ.

“ಅವ್ವನ ಮುಖ ಮರ್ತೋಗೈತೆ ಕಣಪ್ಪ. ನಿಂದಾದ್ರೂ ಇರ್ಲಿ. ವಸಿ ನಗು.”

ಹಲ್ಲೆಲ್ಲ ಬಿಟ್ಟು ನಕ್ಕೆ. ಹೊಸ ರೀಲು ಹಾಕಿದ ದಿನ ಅದು. ಡಬ್ಬಿಯೊಳಗೆ ಇದ್ದದ್ದು ನನ್ನ ಮುಖ ಒಂದೇ.

ಗೌಡರ ತಾಯಿ ಗೌರಮ್ಮ ಹಿತ್ತಾಳೆ ಕೊಳದಪ್ಪಲೆಯಲ್ಲಿ ಗಂಜಲ ಬೆರೆಸಿದ ನೀರು ತಂದಿಟ್ಟರು. “ಅದಕ್ಯಾಕ್ಲಾ ಕಿರುಚ್ತೀಯಾ? ತೊಳುದ್ರಾಯ್ತು. ಪಾತ್ರೆ ಪಡಗ ತೊಳ್ಯಲ್ವಾ?”

“ಅವ್ವಾರೆ, ಬ್ಯಾಡಿ! ಒಳಗೆ ಫೋಟೊ ಐತೆ! ನೀರ್ ತಾಗಿದ್ರೆ ಹೊಂಟೋಯ್ತದಂತೆ!”

ಗೌರಮ್ಮ ಕ್ಯಾಮೆರಾವನ್ನು ಮುಳುಗಿಸಿಯೇಬಿಟ್ಟರು. ಗುಳುಗುಳು ಗುಳ್ಳೆ ಎದ್ದವು. ಆಮೇಲೆ ಹುಣಸೆಹಣ್ಣು ಹಾಕಿ ತಿಕ್ಕಿದರು. ನನ್ನ ಮುಖ ಗಂಜಲ ಕುಡಿಯುವುದನ್ನು ಸುತ್ತಿಗೆ ಹಿಡಿದುಕೊಂಡು ನೋಡುತ್ತಾ ನಿಂತೆ.

ಮಾರನೆಯ ದಿನ ಶನಿವಾರ. ಶಾಲೆಯಲ್ಲಿ ಗೌಡರು, ಮುನಿತಾಯಿಯೇ ಅದನ್ನು ಯಡಿಯೂರು ಕೆರೆಗೆ ಬೀಳಿಸಿದಳು ಅಂದರು. ಶಾಲಾ ಸಮಿತಿಯ ಅಧ್ಯಕ್ಷರು ಅವರೇ, ಅವರ ಬಾಯಿಂದ ಬಂದದ್ದೇ ವೇದ. ಹೆಡ್‌ಮೇಷ್ಟ್ರು ಶಂಭುಲಿಂಗಪ್ಪ ಬೆತ್ತ ಸೀಳುವವರೆಗೂ ಅವಳ ಅಂಗೈಗೆ ಬಾರಿಸಿದರು. ಬದರಿನಾಥರು ಕನ್ನಡಕ ಒರೆಸಿಕೊಳ್ಳುತ್ತಾ ಕಿಟಕಿ ಕಡೆ ನೋಡಿದರಂತೆ. ಥೂ!

ಬಡವನ ಕೋಪ ದವಡೆಗೆ ಮೂಲ ಅಂತಾರೆ. ನನ್ನದು ಬೆನ್ನಿಗೆ ಬಂತು. ಗೌಡರ ಮನೆಮುಂದೆ ಹೋಗಿ ಕೇಳಿದೆ.

“ಮೇಷ್ಟ್ರಿಗೆ ಒಂದ್ ಮಾತೇಳಿ ಬುದ್ದಿ. ಅದ್ದಿದ್ದು ಅವ್ವಾರು ಅಂತ. ಮಗೀನ ಕೈ ಊದ್ಕೊಂಡದೆ.”

“ನಮ್ಮವ್ವನ್ ಹೆಸ್ರು ಎತ್ತೀಯೇನ್ಲಾ ಸೂಳೆಮಗನೆ!”

ಆಳುಗಳು ನನ್ನನ್ನು ಕಲ್ಲುಗಾಡಿಯ ಚಕ್ರಕ್ಕೆ ಅವುಚಿ ಹಿಡಿದರು. ಗೌಡರು ಬಾರುಕೋಲು ತಂದರು. ಮೊದಲ ಏಟಿಗೆ ಅಂಗಿ ಹರಿಯಿತು, ಆಮೇಲೆ ಚರ್ಮ.

“ಕೆರೆಗ್ ಬಿತ್ತು ಅನ್ನು! ಅನ್ಲಾ!”

ಅನ್ನಲಿಲ್ಲ. ಬಾಯಿ ತುಂಬ ರಕ್ತ, ನಾಲಗೆ ಕಚ್ಚಿಕೊಂಡಿದ್ದೆ. ಗೇಟಿನ ಹತ್ತಿರ ಮುನಿತಾಯಿ ನನ್ನ ಬುತ್ತಿ ಹಿಡಿದು ನಿಂತಿದ್ದಳು. ಅಳಲಿಲ್ಲ, ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಕ್ಯಾಮೆರಾಕ್ಕೆ ಕಣ್ಣಿಟ್ಟಾಗಲೂ ಹಾಗೇ ನೋಡಿದ್ದಳು.

ಗಾಯ ಆರುವ ಮೊದಲೇ ಬಂದ ಶಾಲೆಯ ಹಬ್ಬಕ್ಕೆ ಗೌಡರಿಗೆ ಹಾರ ಹಾಕಿ ಕೂರಿಸಿದ್ದರು. ಮಕ್ಕಳು ತಮ್ಮ ತಮ್ಮ ಫೋಟೊದ ಪಕ್ಕ ನಿಂತು ಕಥೆ ಹೇಳುತ್ತಿದ್ದರು. ಗೌಡರ ಮಗನಿಗೆ ಬದರಿನಾಥರು ತಮ್ಮ ಸ್ವಂತ ಕ್ಯಾಮೆರಾ ಕೊಟ್ಟಿದ್ದರಂತೆ. ಅವನದು ಹೊಸ ಮನೆಯ ಫೋಟೊ. ಹೆಸರುಗಳನ್ನು ಮೊದಲೇ ಅಂಟಿಸಿದ್ದರು. ಮುನಿತಾಯಿ ಅನ್ನುವ ಹೆಸರಿನ ಕೆಳಗೆ ಬರೀ ಸುಣ್ಣದ ಗೋಡೆ.

ಮಗಳ ರಟ್ಟೆ ಹಿಡಿದು ಒಳಗೆ ನುಗ್ಗಿದೆ. ಅಂಗಿ ಗಾಯಕ್ಕೆ ಅಂಟಿಕೊಂಡಿತ್ತು. ಕಿತ್ತೆ. ಹಸಿ ರಕ್ತ ಸೊಂಟಕ್ಕಿಳಿಯಿತು. ಅವಳ ಹೆಸರಿನ ಕೆಳಗೆ, ಗೋಡೆಗೆ ಮುಖ ಮಾಡಿ ನಿಂತೆ.

“ಯಾವನಯ್ಯ ಅವನು? ಅಂಗಿ ಹಾಕ್ಕೊಳಯ್ಯ! ಹೆಂಗಸ್ರು ಕೂತಿದಾರೆ!” ಹೆಡ್‌ಮೇಷ್ಟ್ರು ಕೂಗಿದರು.

“ಹೇಳು ಮಗಾ,” ಅಂದೆ.

“ಇದು ನಮ್ಮಪ್ಪನ್ ಬೆನ್ನು,” ಅಂದಳು ಮುನಿತಾಯಿ. “ನಾನ್ ತೆಗ್ದಿದ್ದು ಮುಖ, ಸಾ. ನಗ್ತಿತ್ತು. ನಾನ್ ಕಣ್ಣಿಟ್ಟಿದ್ದೆ ಅಂತ ಗೌಡ್ರ ಅವ್ವ ಅದನ್ನ ಗಂಜಲದಾಗೆ ಅದ್ದಿ ತೊಳುದ್ಬುಟ್ರು. ಕೇಳಕ್ಕೋದ್ರೆ ಗೌಡ್ರು ಹಿಂಗ್ ಮಾಡುದ್ರು. ಇದು ತೊಳುದ್ರೆ ಹೋಗಲ್ಲ, ಸಾ.”

ಹಿಂದೆ ಕುರ್ಚಿ ಉರುಳಿತು. ಗೌಡರ ಮೆಟ್ಟಿನ ಸದ್ದು ಹತ್ತಿರ ಹತ್ತಿರ ಬಂತು. ನಾನು ತಿರುಗಲಿಲ್ಲ. ಊದಿದ ಬೆರಳನ್ನು ಮೇಲಿನ ಬಾಸುಂಡೆಯ ಮೇಲಿಟ್ಟು, ಮುನಿತಾಯಿ ಒಂದೊಂದೇ ಏಟಿನ ಕಥೆ ಶುರು ಮಾಡಿದಳು.