ಅತ್ತೆಗೊಂದು ನೈಟಿ

ಮಾರ್ಲಮಿ ಹಬ್ಬಕ್ಕೆ ಒಂದೇ ದಿನ ಉಳಿದಿತ್ತು. ನನ್ನ ಕೈಯಲ್ಲಿದ್ದ ಪಟ್ಟಿಯಲ್ಲಿ ಇಪ್ಪತ್ತೇಳು ಸಾಮಾನುಗಳಿದ್ದವು. ಇಪ್ಪತ್ತೆಂಟನೆಯದನ್ನು ನಾನು ಬರೆದಿರಲಿಲ್ಲ. ಬರೆದರೆ ಯಾರಾದರೂ ಓದಿಬಿಟ್ಟಾರು ಎಂಬ ಭಯ.

ಮಾರ್ಲಮಿ ಅಂದರೆ ತೀರಿಹೋದ ಹಿರಿಯರು ಮನೆಗೆ ಊಟಕ್ಕೆ ಬರುವ ಅಮಾವಾಸ್ಯೆ. ಅವರು ಬದುಕಿದ್ದಾಗ ಏನು ತಿನ್ನುತ್ತಿದ್ದರೋ, ಏನು ಉಡುತ್ತಿದ್ದರೋ, ಏನು ಸೇದುತ್ತಿದ್ದರೋ ಅದೆಲ್ಲ ಎಡೆಯಲ್ಲಿ ಇರಬೇಕು. ಒಂದು ಕಡಿಮೆಯಾದರೂ ಮುನಿಸಿಕೊಂಡು ಹೋಗುತ್ತಾರೆ. ಬಿ.ಎ. ಓದಿ ಇದನ್ನೆಲ್ಲ ನಂಬುತ್ತೀಯಾ ಎಂದು ಕಾಲೇಜಿನ ಗೆಳತಿಯೊಬ್ಬಳು ಕೇಳಿದ್ದಳು. ನಂಬುವುದು ಬೇರೆ, ಪಟ್ಟಿಯಲ್ಲಿ ಒಂದು ಬಿಟ್ಟುಹೋಗುವುದು ಬೇರೆ. ಎರಡನೆಯದನ್ನು ತಡೆದುಕೊಳ್ಳುವ ಶಕ್ತಿ ನನಗಿಲ್ಲ.

ಚಾಮರಾಜನಗರದ ಬಸ್ ಸ್ಟ್ಯಾಂಡಿಗೆ ನನ್ನನ್ನು ಬಿಡಲು ಬಂದ ನನ್ನ ಗಂಡ ರಂಗರಾಜು ಪಟ್ಟಿಯನ್ನು ಕಿತ್ತುಕೊಂಡು ಓದಿದರು. ತಾಲ್ಲೂಕು ಕಚೇರಿಯ ಗುಮಾಸ್ತರಾದ್ದರಿಂದ ಯಾವ ಕಾಗದವನ್ನೂ ತಿದ್ದದೆ ಬಿಡುವವರಲ್ಲ.

"ಚಿಕ್ಕಬೀರಯ್ಯ ಚಿಕ್ಕಪ್ಪಂಗೆ ಬೀಡಿ ಯಾಕೆ ಬರ್ದಿಲ್ಲ?"

"ಡಾಕ್ಟ್ರು ಹೇಳಿದ ಮೇಲೆ ಕೊನೆ ಎರಡು ವರ್ಷ ಅವರು ಬೀಡಿ ಬಿಟ್ಟಿದ್ರಲ್ಲ."

"ಈಗ ಯಾವ ಡಾಕ್ಟ್ರ ಭಯ ಅವ್ರಿಗೆ? ಎರಡು ಕಟ್ಟು ತಕ್ಕೊ. ಬೆಂಕಿಪೊಟ್ಟಣ ಮರೀಬ್ಯಾಡ. ಹೋದ್ವರ್ಷ ಬೀಡಿ ಇಟ್ಟು ಬೆಂಕಿಪೊಟ್ಟಣ ಇಡ್ನಿಲ್ಲ ಅಂತ ದೊಡ್ಡಮಲ್ಲತ್ತೆ ಸಂಕ್ರಾಂತಿಗಂಟ ಅಂದ್ಲು."

ಪಟ್ಟಿ ಇಪ್ಪತ್ತೊಂಬತ್ತಾಯಿತು. ಬರೆಯದೆ ಇದ್ದದ್ದು ಮೂವತ್ತನೆಯದಾಯಿತು.

ಅದು ನನ್ನ ಅತ್ತೆ ಮಲ್ಲಿಗಮ್ಮನದು. ಅವರು ತೀರಿಕೊಂಡು ಎಂಟು ತಿಂಗಳಾಗಿತ್ತು, ಇದು ಅವರಿಗೆ ಮೊದಲ ಎಡೆ. ಸಾಯುವುದಕ್ಕೆ ಸ್ವಲ್ಪ ಮೊದಲು ಆಸ್ಪತ್ರೆಗೆ ತೋರಿಸಲೆಂದು ಭೀಮನಬೀಡಿನಿಂದ ಬಂದು ನಮ್ಮ ಬಾಡಿಗೆ ಮನೆಯಲ್ಲಿ ಒಂಬತ್ತು ದಿನ ಇದ್ದರು. ಮೊದಲ ದಿನವೇ ಬಚ್ಚಲಲ್ಲಿ ಸೀರೆ ನೆನೆದು, ಬೇರೆ ಸೀರೆ ಒಣಗಿರಲಿಲ್ಲ. ಹೆದರಿಕೊಂಡೇ ನನ್ನ ನೈಟಿ ಕೊಟ್ಟೆ.

"ಥೂ, ಇದೇನಮ್ಮಿ ದಿಂಬಿನ್ ಚೀಲ ಇದ್ದಂಗದೆ" ಎಂದರು. ಹಾಕಿಕೊಂಡರು. ಆಮೇಲೆ ಆಸ್ಪತ್ರೆಗೆ ಹೋಗುವ ಹೊತ್ತು ಬಿಟ್ಟರೆ ತೆಗೆಯಲೇ ಇಲ್ಲ. ಯಾರಾದರೂ ಬಾಗಿಲು ತಟ್ಟಿದರೆ ಬಚ್ಚಲಿಗೆ ಓಡುತ್ತಿದ್ದರು. ಮಗ ಮನೆಗೆ ಬರುವ ಹೊತ್ತಿಗೆ ಸರಿಯಾಗಿ ಮೇಲೊಂದು ಸೀರೆ ಸುತ್ತಿಕೊಂಡು ಗೋಡೆಗೆ ಒರಗಿ ಕೂತಿರುತ್ತಿದ್ದರು. ಹೊರಡುವ ದಿನ ನನ್ನ ಕೈ ಹಿಡಿದುಕೊಂಡು, "ಅಬ್ಬಕ್ಕೆ ನಂಗೆ ಸೀರೆ ಬ್ಯಾಡ ಕಣಮ್ಮಿ. ಇಂತದ್ದೇ ಒಂದ ತಕ್ಕೊಡು. ಯಾರ್ಗೂ ಏಳ್ಬ್ಯಾಡ, ಆಡ್ಕೊಂಡ್ ನಗ್ತರ" ಎಂದರು.

ಆಗಲಿ ಅತ್ತೆ, ಕೊಡಿಸ್ತೀನಿ ಎಂದಿದ್ದೆ. ಕೊಡಿಸುವ ಮೊದಲೇ ಅವರು ಹೋದರು. ಈಗ ಎಡೆಯಲ್ಲಿ ಇಟ್ಟರೆ ಊರೇ ನಗುತ್ತದೆ. ಇಡದಿದ್ದರೆ ಅವರ ಕಡೇ ಆಸೆ ಹಾಗೇ ಉಳಿದುಬಿಡುತ್ತದೆ, ಅದನ್ನು ಬಲ್ಲವಳು ನಾನೊಬ್ಬಳೇ. ಹದಿನೈದು ದಿನದಿಂದ ಇದೇ ಯೋಚನೆಯಲ್ಲಿ ಎರಡು ಸಲ ಸಾರಿಗೆ ಉಪ್ಪು ಹಾಕುವುದನ್ನು ಮರೆತಿದ್ದೆ.

ತೆರಕಣಾಂಬಿಯಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಒಂದು ಬ್ಯಾಗು ಒಳಗೆ ಬಂದು ನನ್ನ ಪಕ್ಕದ ಸೀಟಿನ ಮೇಲೆ ಬಿತ್ತು. ಹಿಂದೆಯೇ ನನ್ನ ನಾದಿನಿ ಭಾನುವಿನ ಧ್ವನಿ ಬಂತು. "ಅತ್ಗೆ, ಕಾಲಾಕಿ! ಯಾರ್ನೂ ಕೂರುಸ್ಬ್ಯಾಡಿ!" ಅವಳನ್ನು ಆ ಊರಿಗೇ ಕೊಟ್ಟಿದ್ದು. ತಾಯಿಯ ಮೊದಲ ಎಡೆಗೆ ಸೀರೆ ಆರಿಸಬೇಕಾದವಳು ಮಗಳೇ ಎಂದು ತಿಂಗಳ ಮುಂಚೆಯೇ ಹೇಳಿಕಳಿಸಿದ್ದಳು.

ಗುಂಡ್ಲುಪೇಟೆಯ ಅಂಗಡಿ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುತ್ತಲ ಹಳ್ಳಿಗಳ ಹಿರಿಯರೆಲ್ಲ ನಾಳೆ ಒಂದೇ ಹೊತ್ತಿಗೆ ಬರುವವರಿದ್ದರು, ಅವರವರ ಮನೆಯವರೆಲ್ಲ ಇಂದು ಒಂದೇ ಹೊತ್ತಿಗೆ ಬಂದಿದ್ದರು. ಜವಳಿ ಅಂಗಡಿಯಲ್ಲಿ ಒಬ್ಬ ಮುದುಕಿ ಪಂಚೆಯನ್ನು ಹಿಂದಕ್ಕೆ ತಳ್ಳಿ, "ದಪ್ಪ ಅಂಚು ನಮ್ಮೆಜಮಾನ್ರಿಗೆ ಆಗಕಿಲ್ಲ ಕಣಪ್ಪ, ಚುಚ್ತದೆ ಅಂತರೆ, ಬ್ಯಾರೆ ಕೊಡು" ಎನ್ನುತ್ತಿದ್ದಳು. ಅಂಗಡಿಯವನು ಒಂದು ಮಾತೂ ಆಡದೆ ಸಣ್ಣ ಅಂಚಿನದು ತೆಗೆದುಕೊಟ್ಟ. ನನಗೆ ಯಾಕೋ ಮೈಯೆಲ್ಲ ಹುರುಪು ಬಂತು.

ಭಾನು ಹದಿನೇಳು ಸೀರೆ ಬಿಚ್ಚಿಸಿ, ಸಾಸಿವೆ ಹೂವಿನ ಬಣ್ಣದ್ದೊಂದನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು.

"ಅವ್ವಂಗೆ ಈ ಬಣ್ಣ ಒಪ್ತದೆ ಅಲ್ವಾ ಅತ್ಗೆ?" ಎಂದು ತಿರುಗಿ ತನ್ನ ಬೆನ್ನು ನೋಡಿಕೊಂಡಳು. ಎಡೆಗಿಟ್ಟ ಸೀರೆ ಆಮೇಲೆ ಮಗಳಿಗೇ ಸೇರುವುದು. "ಅವ್ವಂಗೆ ಇಂಗೇ ನೆರಿಗೆ ನಿಂತ್ರೆ ಇಷ್ಟ."

"ಚೆನ್ನಾಗಿದೆ" ಎಂದೆ. "ನೀನು ಬಳೆ ನೋಡ್ತಿರು. ನಾನು ಬೆಂಕಿಪೊಟ್ಟಣ ತಂದುಬಿಡ್ತೀನಿ."

ಬೀದಿಯ ಕೊನೆಯಲ್ಲಿ ಒಬ್ಬ ಮಲಯಾಳಿ ಹಗ್ಗ ಕಟ್ಟಿ ಸಾಲಾಗಿ ನೈಟಿಗಳನ್ನು ನೇತುಹಾಕಿದ್ದ. ಎರಡು ಸಲ ಅದರ ಮುಂದೆ ಹಾದುಹೋದೆ. ಮೂರನೆಯ ಸಲ ಅವನೇ ಕರೆದ.

"ಬನ್ನಿ ಚೇಚಿ. ಯಾರಿಗೆ?"

"ನಮ್ಮತ್ತೆಗೆ."

"ಎಷ್ಟು ಉದ್ದ ಇದಾರೆ?"

"ನನ್ನ ಭುಜಕ್ಕೆ ಬರ್ತಾರೆ."

"ದಪ್ಪ ಇದಾರಾ?"

"ಇಲ್ಲ... ಇರಲಿಲ್ಲ... ಇಲ್ಲ."

ಅವನು ನನ್ನನ್ನೊಮ್ಮೆ ನೋಡಿ, ತಿಳಿನೀಲಿಯ ಮೇಲೆ ಸಣ್ಣ ಬಿಳಿ ಹೂವಿರುವ ಒಂದನ್ನು ಇಳಿಸಿದ. "ಹಬ್ಬಕ್ಕೆ ಮನೆಗೆ ಬರ್ತಾರಾ ಅವರು?"

"ಬರ್ತಾರೆ."

"ಹಾಗಾದ್ರೆ ಹಾಕಿ ನೋಡ್ಲಿ. ಸರಿ ಹೋಗ್ಲಿಲ್ಲ ಅಂದ್ರೆ ನಾಳಿದ್ದು ಅವರನ್ನೇ ಕರ್ಕೊಂಡು ಬನ್ನಿ, ಬದಲಾಯಿಸಿ ಕೊಡ್ತೀನಿ."

ನಗುವನ್ನು ತಡೆದುಕೊಂಡು ಪೇಪರಿನಲ್ಲಿ ಸುತ್ತಿಸುತ್ತಿರುವಾಗ ಬೆನ್ನ ಹಿಂದೆ ಕೇಳಿಸಿತು. "ಬೆಂಕಿಪೊಟ್ಣ ಸಿಕ್ತಾ ಅತ್ಗೆ?"

ಈ ನೈಟಿ ನನಗೇ ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಭಾನು ಅಂಗಡಿಯವನ ಮಾತನ್ನೂ ಕೇಳಿಸಿಕೊಂಡಿದ್ದಳು. ಎಲ್ಲವನ್ನೂ ಹೇಳಿದೆ. ಮೊದಲು ನಕ್ಕಳು. ಆಮೇಲೆ ಅವಳ ಮುಖ ಸಣ್ಣದಾಯಿತು.

"ನಮ್ಮವ್ವ ನೈಟಿ ಆಕ್ತಿದ್ಲಾ? ಸುಮ್ಕಿರಿ. ಆಕಿದ್ರೂ ನಂಗೆ ಏಳ್ದೆ ನಿಮ್ಗೆ ಏಳುದ್ಲಾ?"

ಅವಳಿಗೆ ನೋವಾದದ್ದು ಎರಡನೆಯ ಮಾತಿನಲ್ಲಿ ಎಂದು ನನಗೆ ತಿಳಿಯಿತು. ಭೀಮನಬೀಡಿನ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತಿದ್ದವಳು, ಊರು ಕಾಣಿಸಿದಾಗ, "ಎಡೆಗಿಟ್ಟು ನಮ್ಮವ್ವನ್ನ ನಗಪಾಟ್ಲು ಮಾಡ್ಬ್ಯಾಡಿ. ನಂಗೊತ್ತಿಲ್ವಾ ನಮ್ಮವ್ವ ಎಂತೋಳು ಅಂತ?" ಎಂದಳು. ನಾನು ಸುಳ್ಳು ಹೇಳುತ್ತಿಲ್ಲ ಎನ್ನುವುದಕ್ಕೆ ಸಾಕ್ಷಿ ಹೇಳಬೇಕಾದವರು ಅತ್ತೆಯೊಬ್ಬರೇ.

ಮರುದಿನ ರಂಗರಾಜುವೂ ಬೆಳಗಿನ ಬಸ್ಸಿಗೆ ಬಂದಿಳಿದರು. ಮನೆಯಲ್ಲಿ ಉಸಿರಾಡಲು ಪುರುಸೊತ್ತಿರಲಿಲ್ಲ. ನನ್ನ ಮಾವನ ಅಕ್ಕ ದೊಡ್ಡಮಲ್ಲಮ್ಮ ಜಗಲಿಯ ಮೇಲೆ ಕೂತು, ಅಲ್ಲಿಂದ ಒಲೆ ಕಾಣದಿದ್ದರೂ ವಾಸನೆಯಿಂದಲೇ ಅಡುಗೆಮನೆಯನ್ನು ಆಳುತ್ತಿದ್ದರು. "ಸಾರ್ಗೆ ಮೆಣಸು ಸಾಲ್ದು! ವಡೆ ಸೀತಾ ಅದೆ, ತಿರುವಾಕ್ರಮ್ಮಿ!" ನಾನು ತಿರುವುತ್ತಿದ್ದ ವಡೆ ನಿಜವಾಗಿಯೂ ಸೀಯುತ್ತಿತ್ತು. ಒಲೆಯ ಆಚೆ ಬದಿಯಲ್ಲಿ ಭಾನು ನನ್ನನ್ನು ನೋಡದೆ ಕಜ್ಜಾಯ ತಟ್ಟುತ್ತಿದ್ದಳು. ನೈಟಿಯ ಪೊಟ್ಟಣ ನನ್ನ ಬ್ಯಾಗಿನ ತಳದಲ್ಲಿತ್ತು. ಅರ್ಧ ಗಂಟೆಗೊಮ್ಮೆ ಹೋಗಿ ಅದು ಅಲ್ಲೇ ಇದೆಯೇ ಎಂದು ಮುಟ್ಟಿ ಬರುತ್ತಿದ್ದೆ. ಇಡುವುದೋ ಬಿಡುವುದೋ ಇನ್ನೂ ತೀರ್ಮಾನವಾಗಿರಲಿಲ್ಲ.

ಸಂಜೆ ನಡುಮನೆಯ ಪಕ್ಕದ ಕೋಣೆಯಲ್ಲಿ ಬಾಳೆ ಎಲೆಗಳನ್ನು ಹಾಸಿ ಎಡೆ ಇಟ್ಟೆವು. ನಾನು ಪಟ್ಟಿ ಓದುವುದು, ನನ್ನ ಮಾವ ಚಿಕ್ಕಮಾದಯ್ಯ ಒಂದೊಂದನ್ನೂ ಮುಟ್ಟಿ ನೋಡುವುದು.

"ಬೀಡಿ ಎರಡು ಕಟ್ಟು."

"ಅದೆ."

"ಬೆಂಕಿಪೊಟ್ಟಣ."

"ಅದೆ. ಗೀರಿ ನೋಡ್ದಿ, ಅತ್ಕತದೆ."

"ಅತ್ತೆಗೆ ಸೀರೆ."

"ಅದೆ. ಮುಗೀತಾ ಕೂಸು?"

ಪಟ್ಟಿ ಮುಗಿದಿತ್ತು. ಹೂಂ ಎನ್ನುವುದು ಎಷ್ಟು ಸುಲಭವಾಗಿತ್ತು! ಎಲೆಯ ಮುಂದೆ ಮಡಿಸಿಟ್ಟ ಸೀರೆ ನೋಡಿದೆ. ಹೊಸ ಸೀರೆ ಕೊಟ್ಟಾಗಲೆಲ್ಲ ಅತ್ತೆ, ಇರ್ಲಿ ಬುಡು ಎಂದು ಪೆಟ್ಟಿಗೆಗೆ ಹಾಕಿಬಿಡುತ್ತಿದ್ದರು. ಈ ಸಲವೂ ಅಷ್ಟೇ ಆಗುತ್ತದೆ ಎನಿಸಿತು.

"ಇಲ್ಲ ಮಾವ. ಇನ್ನೊಂದಿದೆ" ಎಂದೆ.

ಬ್ಯಾಗಿನ ತಳದಿಂದ ಪೊಟ್ಟಣ ತಂದು, ದಾರ ಕಿತ್ತು ಪೇಪರು ಬಿಚ್ಚಿದೆ. ದೊಡ್ಡಮಲ್ಲಮ್ಮ ಮುಂದೆ ಬಾಗಿದರು.

"ಇದೇನ? ಕಿಟಕಿಗಾಕ ಬಟ್ಟೆಯಾ?"

"ನೈಟಿ. ಅತ್ತೆ ಕೇಳಿದ್ರು. ನಮ್ಮನೇಲಿದ್ದಾಗ ಒಂಬತ್ತು ದಿನ ಇಂಥದ್ದನ್ನೇ ಹಾಕ್ಕೊಂಡಿದ್ರು. ಒಂದು ಕೊಡಿಸು ಅಂದಿದ್ರು. ಕೊಡಿಸ್ತೀನಿ ಅಂದಿದ್ದೆ."

ರಂಗರಾಜು ಕೆಮ್ಮಿದಂತೆ ಮಾಡಿ ನಕ್ಕರು. ದೊಡ್ಡಮಲ್ಲಮ್ಮ ಕೆನ್ನೆ ಕೆನ್ನೆ ಬಡಿದುಕೊಂಡರು. "ಮಲ್ಲಿಗನಾ? ತಲ ಮ್ಯಾಲಿನ ಸೆರಗು ಜಾರುಸ್ದೋಳಲ್ಲ ಅವ್ಳು! ಓದಿರ ಸೊಸ ಅಂತ ಸುಮ್ನಿದ್ರ, ನಾಳ ನಂಗೆ ಪ್ಯಾಂಟ್ ಇಟ್ಬುಡ್ತಳೆ ಕಣ್ಲಾ ಮಾದ!"

ಭಾನು ಹೊಸ್ತಿಲಲ್ಲಿ ನೆಲ ನೋಡುತ್ತಾ ನಿಂತಿದ್ದಳು.

ಮಾವ ನೈಟಿಯನ್ನು ಕೈಗೆ ತೆಗೆದುಕೊಂಡು ದೀಪದ ಕಡೆ ಹಿಡಿದರು. ಹಿಂದೆ ಮುಂದೆ ತಿರುಗಿಸಿದರು. ಬಲಗಡೆಯ ಹೊಲಿಗೆಯುದ್ದಕ್ಕೂ ಬೆರಳಾಡಿಸಿದರು, ಆಮೇಲೆ ಎಡಗಡೆ.

"ಜೇಬೆಲ್ಲವ್ವ?" ಎಂದರು.

ನನಗೆ ಅರ್ಥವಾಗಲಿಲ್ಲ.

"ಚಾಮ್ರಾಜ್ನಗರದಿಂದ ಬಂದ್ ದಿನ ಏಳುದ್ಲು. ಒಂದ್ ಬಟ್ಟ ಅದ ಕಣ, ಅದ್ಕ ಜೇಬದೆ, ಎಲ ಅಡ್ಕ ಒಗೆಸೊಪ್ಪು ಎಲ್ಲಾನೂ ಜೇಬ್ಗಾಕಂಡು ಎಲ್ಗಾದ್ರೂ ಓಗ್ಬೋದು, ಸೊಂಟುಕ್ ಸಿಕ್ಕುಸ್ಕೊಂಡು ಉದುರುಸ್ಕೊಂಡು ಓಡಾಡಂಗಿಲ್ಲ ಅಂತ. ಪೋಲೀಸ್ನೋರ್ ಬಟ್ಟೆಯಾ ಅಂದಿ. ರೇಗ್ಬುಟ್ಲು. ಏನ್ ಬಟ್ಟ ಅಂತ ಕಡೀಗೂ ಏಳ್ನಿಲ್ಲ." ನೈಟಿಯನ್ನು ಮತ್ತೊಮ್ಮೆ ನೋಡಿದರು. "ಇದಾ ಅದು!"

ಆಗ ನೆನಪಾಯಿತು. ನನ್ನ ನೈಟಿಗೆ ಬಲಗಡೆ ಒಂದು ಜೇಬಿತ್ತು. ನಾನು ಅದನ್ನು ಬಳಸಿದವಳೇ ಅಲ್ಲ. ಒಂಬತ್ತು ದಿನವೂ ಅತ್ತೆಯ ಕೈ ಅದರೊಳಗೇ ಇತ್ತು. ಪಾಪ, ಚಳಿಗೆ ಕೈ ಒಳಗಿಟ್ಟುಕೊಂಡಿದ್ದಾರೆ ಎಂದುಕೊಂಡು ನಾನು ರಗ್ಗು ಹೊದಿಸಿದ್ದೆ! ಬಾಗಿಲ ಚಿಲಕವನ್ನು ಮೂರು ಸಲ ನೋಡುವ ನಾನು, ಅಷ್ಟು ಎಣಿಸಿ ಎಣಿಸಿ, ಕೊನೆಗೆ ಜೇಬೇ ಇಲ್ಲದ್ದನ್ನು ತಂದಿದ್ದೆ.

"ಜೇಬಿಲ್ದಿದ್ರ ಅವ್ಳು ಮುಟ್ಟಕಿಲ್ಲ ಬುಡು" ಎಂದರು ದೊಡ್ಡಮಲ್ಲಮ್ಮ. ಒಂದು ನಿಮಿಷದಲ್ಲಿ ಅವರು ನನ್ನ ಪಕ್ಷಕ್ಕೆ ಬಂದುಬಿಟ್ಟಿದ್ದರು. "ಅವ್ಳ ಅಟ ಗೊತ್ತಲ್ಲ! ಈಗೇನ್ ಮಾಡದು? ಎಡ ಆರೋಯ್ತಾ ಅದೆ!"

"ಕೊಡಿ ಇಲ್ಲಿ" ಎಂದು ಭಾನು ನುಗ್ಗಿದಳು. ನೈಟಿಯನ್ನು ಕಿತ್ತುಕೊಂಡು, "ಅಣ್ಣ, ಸೂಜಿ ದಾರ! ಗೂಡಲ್ಲದೆ! ಅತ್ಗೆ, ಕತ್ರಿ!" ಎಂದು ಕೂಗಿದಳು. ಕತ್ತರಿ ಕೊಟ್ಟೆ. ಅವಳು ಎಡೆಯ ಮುಂದಿದ್ದ ಸಾಸಿವೆ ಬಣ್ಣದ ಸೀರೆ ಎತ್ತಿಕೊಂಡು, ಅದರ ಕೊನೆಯಲ್ಲಿದ್ದ ರವಿಕೆ ಬಟ್ಟೆಗೆ ಕತ್ತರಿ ಹಾಕಿಯೇಬಿಟ್ಟಳು.

"ಅಯ್ಯೋ ಭಾನು, ನಿನ್ನ ಸೀರೆ!" ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

"ನಂದಲ್ಲ, ಅವ್ವಂದು" ಎಂದು ದಾರ ಕಚ್ಚಿದಳು. ಆಮೇಲೆ ತಾನೇ ನಕ್ಕಳು.

ಎಲ್ಲರೂ ಅವಳ ಸುತ್ತ ಕೂತೆವು. ರಂಗರಾಜು ಸೂಜಿಗೆ ಬೆಳಕು ಸಾಲದೆಂದು ಟಾರ್ಚು ಹಿಡಿದರು. ಬಲಗಡೆ ಎಂದು ನಾನು ಹೇಳಿದೆ. ಎಷ್ಟು ಆಳ ಎಂದು ಅವಳು ಕೇಳಿದಾಗ, ಮಾವ ಅತ್ತೆಯ ಹಳೆಯ ಎಲೆ ಅಡಿಕೆ ಚೀಲ ತಂದು ಅಳತೆಗಿಟ್ಟರು.

"ಇನ್ನೊಸಿ ಆಳ ಮಾಡಮ್ಮಿ, ಬಗ್ಗುದ್ರ ಬಿದ್ದೋಯ್ತದೆ" ಎಂದರು ದೊಡ್ಡಮಲ್ಲಮ್ಮ.

"ನೀವು ಕೈ ತಗೀರಿ, ಚುಚ್ಚುಬುಡ್ತೀನಿ!"

"ದಾರ ಬಿಳೀದು ಆಕಿದ್ದಿಯ, ಕಾಣ್ತದೆ."

"ಕಾಣ್ಲಿ ಬುಡಕ್ಕ, ಜೇಬು ಅಂತ ಗೊತ್ತಾಗ್ಬೇಕಲ್ಲ" ಎಂದರು ಮಾವ.

ನೀಲಿ ನೈಟಿಗೆ ಸಾಸಿವೆ ಬಣ್ಣದ ದೊಡ್ಡ ಜೇಬು ಸೊಟ್ಟಗೆ ಕೂತಿತು. ಅದರೊಳಗೆ ಎಲೆ, ಅಡಿಕೆ, ಸುಣ್ಣದ ಡಬ್ಬಿ, ಹೊಗೆಸೊಪ್ಪು ತುಂಬಿದೆವು. ಎಡೆಯ ಮುಂದೆ ಇಟ್ಟು, ಧೂಪ ಹಾಕಿ, ಕೈ ಮುಗಿದು ಎಲ್ಲರೂ ಹೊರಗೆ ಬಂದೆವು. ಮಾವ ಬಾಗಿಲು ಎಳೆದುಕೊಂಡರು. ಹಿರಿಯರು ಉಣ್ಣುವ ಆ ಸ್ವಲ್ಪ ಹೊತ್ತು ಯಾರೂ ಒಳಗೆ ಹೋಗುವಂತಿಲ್ಲ, ಗಟ್ಟಿಯಾಗಿ ಮಾತಾಡುವಂತಿಲ್ಲ.

ಜಗಲಿಯ ಮೇಲೆ ಭಾನು ನನ್ನ ಪಕ್ಕ ಸರಿದು ಕೂತು ಪಿಸುಗುಟ್ಟಿದಳು. "ಎಂಗ್ ಕಾಣ್ತಿದ್ಲು ಅತ್ಗೆ, ಅದ್ನ ಆಕ್ಕೊಂಡು?"

ಹೇಳಿದರೆ ಸಾಲದು ಎನಿಸಿ ಎದ್ದು ತೋರಿಸಿದೆ. ಇಲ್ಲದ ಜೇಬಿನಲ್ಲಿ ಬಲಗೈ ಇಟ್ಟು, ಎದೆ ಮುಂದೆ ಮಾಡಿ, ಜಗಲಿಯ ಆ ತುದಿಯಿಂದ ಈ ತುದಿಗೆ ಅತ್ತೆಯ ಹಾಗೆ ನಡೆದೆ. ಭಾನು ಸೆರಗನ್ನು ಬಾಯಿಗೆ ತುರುಕಿಕೊಂಡಳು, ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ದೊಡ್ಡಮಲ್ಲಮ್ಮ ಶ್ ಎಂದು ಗದರಿಸಿ, ಆಮೇಲೆ ಇನ್ನೂ ಮೆಲ್ಲಗೆ, "ನಾಳೀಕ ಅದ್ನ ಯಾರು ಆಕ್ಕೊಳದು? ನಂಗೇನೂ ಬ್ಯಾಡಪ್ಪ, ಸುಮ್ನ ಕೇಳ್ದಿ" ಎಂದರು.

ಹೊತ್ತಾಯಿತು. ಒಳಗಿನ ಮಸಾಲೆಯ ವಾಸನೆಗೆ ಎಲ್ಲರ ಹೊಟ್ಟೆಯೂ ಚುರುಗುಟ್ಟುತ್ತಿತ್ತು. ರಂಗರಾಜು, "ಅಪ್ಪಾ, ಬಾಗ್ಲು ತಗೀಬೋದಲ್ಲ, ಆಯ್ತು ಅವ್ರ್ ಊಟ" ಎಂದರು.

ಮಾವ ಚಿಲಕದ ಮೇಲೆ ಕೈಯಿಟ್ಟವರು ಹಾಗೇ ನಿಂತರು.

"ಇನ್ನೊಸಿ ತಡಿಲಾ" ಎಂದರು. "ಒಸ ಬಟ್ಟ. ಆಕ್ಕೊಳಕೆ ಒತ್ತಾಯ್ತದೆ ಅವ್ಳಿಗೆ."