ಸೊಂಟದ ಮೇಲಿನ ಕಲೆ

ಐಚೂರೋಕಳ ಅಂಗಿ ಎತ್ತುತ್ತಲೇ ಡಾಕ್ಟರ್ ಮೈರಂ ಅವರ ಕೈ ಅಲ್ಲಿಯೇ ನಿಂತಿತು. ಎಡಪಕ್ಕೆಯ ಕೆಳಗೆ, ಸೊಂಟದವರೆಗೂ, ಅಂಗೈಯಗಲ ಚರ್ಮ ನೇರಳೆಗೆ ತಿರುಗಿತ್ತು.

"ಯಾರಮ್ಮ ಹೊಡೆದದ್ದು?"

"ಯಾರೂ ಹೊಡೆದಿಲ್ಲ. ಮೊನ್ನೆ ಹಿಟ್ಟು ನಾದ್ತಾ ಇದ್ದೆ, ಇದ್ದಕ್ಕಿದ್ದ ಹಾಗೆ ಚಾಕು ಹಾಕಿದಂಗಾಯ್ತು. ಆಮೇಲೆ ಮೂತ್ರದಲ್ಲಿ ರಕ್ತ." ಏಳು ತಿಂಗಳ ಬಸುರಿ, ತುಟಿಯವರೆಗೂ ಬಿಳಿಚಿಕೊಂಡಿದ್ದಳು.

ಬಾಗಿಲಲ್ಲಿ ನಿಂತಿದ್ದ ಅತ್ತೆ ಉಮ್ಸುನಾಯ್ ತಲೆ ತಗ್ಗಿಸಿದಳು. ಹಸು ಒದೆಯಿತು, ಮಂಜಿನಲ್ಲಿ ಜಾರಿದೆ ಎಂದು ಇದೇ ನಾರಿನ್ ಪಟ್ಟಣದ ಆಸ್ಪತ್ರೆಯಲ್ಲಿ ಆಕೆಯೂ ಹೇಳಿದವಳೇ, ಗಂಡ ಬದುಕಿದ್ದಷ್ಟು ಕಾಲವೂ. ಮೊನ್ನೆ ಮುಂಜಾನೆ ಮಗನ ಕೋಣೆಯಲ್ಲಿ ಜಗಳ ಕೇಳಿತ್ತು. ಕುದುರೆಗಳ ಜೊತೆ ಬೇಸಿಗೆಯೆಲ್ಲ ಮಲೆಯ ಹುಲ್ಲುಗಾವಲಿಗೆ ಹೋಗುತ್ತೇನೆ ಎಂದು ಅವನು, ಈ ಹೊಟ್ಟೆ ಹೊತ್ತು ನಾನೊಬ್ಬಳೇ ಇರಬೇಕಾ ಎಂದು ಇವಳು. ಆಮೇಲೆ ಏನೋ ಧಡ್ ಎಂದಿತ್ತು. ಉಮ್ಸುನಾಯ್ ಕೇಳಿಯೂ ಕೇಳದವಳಂತೆ ಹಾಲು ಕರೆಯಲು ಹೋಗಿದ್ದಳು.

ಡಾಕ್ಟರ್ ಆಕೆಯನ್ನು ಹೊರಗೆ ಕರೆದರು. "ನಿಜ ಹೇಳಿ. ನಿಮ್ಮ ಮಗ ಕೈ ಮಾಡ್ತಾನಾ?"

"ಅವರಪ್ಪ ಮಾಡ್ತಿದ್ದ," ಎಂದಳು ಉಮ್ಸುನಾಯ್.

ಮೊಗಸಾಲೆಯ ತಿರುವಿನಲ್ಲಿ ರೊಟ್ಟಿಯ ಗಂಟು ಹಿಡಿದು ಮಗ ತಾಲಾಯ್ ನಿಂತಿದ್ದ. ಕೇಳಿಸಿಕೊಂಡಿದ್ದ. ಡಾಕ್ಟರ್ ಒಳಗೆ ಹೋಗುತ್ತಲೇ ಆಣೆಯಿಡಲು ರೊಟ್ಟಿಯೊಂದನ್ನು ಹೊರಗೆಳೆದು ತಲೆಯ ಮೇಲೆ ಹಿಡಿದ.

"ನಾನವಳನ್ನ ಮುಟ್ಟಿದ್ರೆ ಈ ರೊಟ್ಟಿ ನನ್ನನ್ನ ಹೊಡೀಲಿ, ಅಮ್ಮಾ!"

"ಇಳಿಸು ಅದನ್ನ. ನಿಮ್ಮಪ್ಪನೂ ಹಿಂಗೇ ಆಣೆ ಇಡ್ತಿದ್ದ."

ಸ್ಕ್ಯಾನ್ ಮಾಡಿಸಿದ ಮೇಲೆ ಡಾಕ್ಟರ್ ಮುಖವೇ ಬೇರೆಯಾಗಿತ್ತು. "ಹೊಡೆತ ಅಲ್ಲ ತಾಯಿ. ಮೂತ್ರಪಿಂಡದಲ್ಲಿ ಗೆಡ್ಡೆ. ಕೊಬ್ಬು, ರಕ್ತನಾಳ ಎಲ್ಲ ಸೇರಿ ಬೆಳೆದಿದೆ. ಕ್ಯಾನ್ಸರ್ ಅಲ್ಲ. ಆದ್ರೆ ಬಸುರಿನಲ್ಲಿ ಇಂಥದ್ದು ಬೇಗ ದೊಡ್ಡದಾಗುತ್ತೆ, ಒಡೆಯುತ್ತೆ. ಒಳಗೆ ಸುರಿದ ರಕ್ತವೇ ಆ ಕಲೆ."

"ಹಿಂಗೆ ಹೇಳಿ ಅಂತ ನಿಮಗೆ ಯಾರಾದ್ರೂ ಹೇಳಿಕೊಟ್ರಾ, ಡಾಕ್ಟ್ರೇ?"

"ಗೆಡ್ಡೆಗೆ ಯಾರು ಹೇಳಿಕೊಡೋಕಾಗುತ್ತೆ?"

ಉಮ್ಸುನಾಯ್ ಮನಸ್ಸಿನ ಅನುಮಾನ ಹೋಗಲಿಲ್ಲ. ಗಂಡಸರ ತಪ್ಪು ಮುಚ್ಚಿಹಾಕಲು ಎಲ್ಲೆಲ್ಲೂ ನೆಂಟರಿರುತ್ತಾರೆ. ರಕ್ತದ ಬಾಟಲಿ ತೂಗುಹಾಕಿಕೊಂಡು ಆಂಬುಲೆನ್ಸ್ ಕಣಿವೆ ದಾಟಿ ರಾಜಧಾನಿ ಬಿಷ್ಕೆಕ್‌ಗೆ ಹೊರಟಾಗಲೂ ಮಗನ ಕೈಗಳನ್ನೇ ನೋಡುತ್ತಿದ್ದಳು. ಅಪ್ಪನವೇ ಕೈಗಳು, ಅದೇ ದಪ್ಪ ಗಿಣ್ಣುಗಳು.

ದೊಡ್ಡಾಸ್ಪತ್ರೆಯ ಡಾಕ್ಟರು ಬಿಡಿಸಿ ಹೇಳಿದರು. ಹೊಟ್ಟೆ ಕೊಯ್ದರೆ ಮೂತ್ರಪಿಂಡ ಹೋಗಬಹುದು, ಮಗುವೂ. ಅದಕ್ಕೆ ತೊಡೆಸಂದಿನ ರಕ್ತನಾಳದಿಂದ ಸಣ್ಣ ಕೊಳವೆ ಬಿಟ್ಟು, ರಕ್ತ ಸೋರುವ ಕವಲನ್ನಷ್ಟೇ ಮುಚ್ಚುತ್ತೇವೆ. ಎಕ್ಸ್‌ರೇ ಮಗುವಿಗೆ ಆದಷ್ಟು ತಾಗದಂತೆ ನೋಡಿಕೊಳ್ಳುತ್ತೇವೆ. ಪೂರ್ತಿ ಭರವಸೆ ಮಾತ್ರ ಕೇಳಬೇಡಿ.

ಒಳಗೆ ತಳ್ಳಿಕೊಂಡು ಹೋಗುವ ಮುಂಚೆ ಐಚೂರೋಕ್ ಅತ್ತೆಯ ಮುಂಗೈ ಹಿಡಿದಳು.

"ಮೊನ್ನೆ ಆ ಸದ್ದು ಕೇಳಿಸ್ಕೊಂಡು ತಾನೇ ನೀವು ಹಿಂಗೆ ಮುಖ ಮಾಡ್ಕೊಂಡಿರೋದು? ಅದು ಕೆಟಲ್ಲು, ಅತ್ತೆ. ಎಸೆದೋಳು ನಾನು. ಅವರು ಬಗ್ಗಿಬಿಟ್ರು, ಗೋಡೆಗೆ ಬಿತ್ತು."

"ನೀನಾ?"

"ನಾನೇ. ಇನ್ನೊಂದು ಸಿಕ್ಕಿದ್ರೆ ಅದನ್ನೂ ಎಸೀತಿದ್ದೆ." ನಗಲು ಹೋಗಿ ನೋವಿಗೆ ಮುಲುಗಿದಳು. "ಅವರನ್ನ ನೀವೇ ನಂಬದಿದ್ರೆ ಇನ್ಯಾರು ನಂಬ್ತಾರೆ?"

ಬಾಗಿಲು ಮುಚ್ಚಿತು.

ಮಧ್ಯಾಹ್ನ ಕಳೆದ ಮೇಲೆ ನರ್ಸ್ ಬಂದು, ರಕ್ತ ನಿಂತಿದೆ, ಮಗುವಿನ ಎದೆಬಡಿತ ಚೆನ್ನಾಗಿದೆ, ಹೆರಿಗೆಯವರೆಗೂ ಕಣ್ಣಿಟ್ಟಿರಬೇಕು ಎಂದು ಹೇಳಿಹೋದಳು. ಕಿಟಕಿಯ ಬಳಿ ನಿಂತಿದ್ದ ತಾಲಾಯ್ ಎರಡೂ ಕೈಯಿಂದ ಮುಖ ಒರೆಸಿಕೊಂಡ. ಉಮ್ಸುನಾಯ್ ಬೆಂಚಿನಲ್ಲಿ ಸರಿದು ಜಾಗ ಮಾಡಿದಳು.

"ಕೂತ್ಕೋ ಮಗಾ."

ಅವನು ಬಂದು ಬೆಂಚಿನ ಆ ತುದಿಯಲ್ಲಿ ಕೂತ. ತುಸು ಹೊತ್ತಿಗೆ ಯಾರೋ ಹೆಂಗಸು ಗಂಟುಮೂಟೆ ಹೊತ್ತು ಬಂದಳು. ನಡುವಿನ ಖಾಲಿ ಜಾಗವನ್ನೂ ಅವರಿಬ್ಬರನ್ನೂ ನೋಡಿದಳು.

"ನೀವಿಬ್ರೂ ಒಂದೇ ಮನೆಯವರಾ?"

ಉತ್ತರ ಮಗನೇ ಹೇಳಲಿ ಎಂದು ಉಮ್ಸುನಾಯ್ ಕಾದಳು.